ಟ್ರೈಲೋಬೈಟ್ ಸಿಗದ ಬೆಟ್ಟಗಳು

ಮೈಸೂರು ಸಂಸ್ಥಾನದ ಭೂವಿಜ್ಞಾನದ ಚರಿತ್ರೆ ನನ್ನ ಪಿಎಚ್‌ಡಿ ವಿಷಯ ಎಂದ ಕೂಡಲೇ ಕಿರಿಯ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ: ರಾಮನಗರದ ಬಂಡೆಗಳಲ್ಲಿ ಟ್ರೈಲೋಬೈಟ್‌ನಂಥ ಪಳೆಯುಳಿಕೆ ಸಿಗುತ್ತದೆಯೇ? ಸಿಗುವುದಿಲ್ಲ. ಟ್ರೈಲೋಬೈಟ್‌ಗಳು ಸಮುದ್ರದಲ್ಲಿ ಕಾಣಿಸಿಕೊಂಡದ್ದು ಸುಮಾರು 52 ಕೋಟಿ ವರ್ಷಗಳ ಹಿಂದೆ, ಪೂರ್ತಿ ಅಳಿದದ್ದು 25 ಕೋಟಿ ವರ್ಷಗಳ ಹಿಂದೆ. ರಾಮನಗರದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮೇಲಾಗಿ ಅದು ನೆಲದಾಳದಲ್ಲಿ ಕರಗಿ ಮತ್ತೆ ತಣಿದ ಕಲ್ಲು. ಟ್ರೈಲೋಬೈಟ್ ನೋಡಬೇಕೆಂದರೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕು. ಅಲ್ಲಿ ಸಂಗ್ರಹಿಸಿದವನ್ನು ಕೂಪರ್ ರೀಡ್ ಎಂಬ ವಿದ್ವಾಂಸ 1910ರಲ್ಲೇ ವಿವರಿಸಿದ್ದಾರೆ.

ಹಾಗೆಂದು ಈ ಬಂಡೆಗಳಲ್ಲಿ ಓದುವುದಕ್ಕೆ ಏನೂ ಇಲ್ಲವೆಂದಲ್ಲ.

ಮೊದಲು ಹೆಸರಿನ ವಿಷಯ. ಟಿಪ್ಪುವಿನ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಈ ಊರು ಕ್ಲೋಸ್‌ಪೇಟೆಯಾಯಿತು. ಮುಂದೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರವಾಯಿತು. ಆದರೆ ಭೂವಿಜ್ಞಾನಿಗಳು ಅಷ್ಟರಲ್ಲಿ ಹಳೆಯ ಹೆಸರನ್ನು ಕಲ್ಲಿಗೆ ಅಂಟಿಸಿಬಿಟ್ಟಿದ್ದರು. ಕನಕಪುರದ ಕಡೆಯಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿದ ಈ ಪಟ್ಟಿ ಜಗತ್ತಿಗೆ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’. ಬಿ.ಪಿ. ರಾಧಾಕೃಷ್ಣ ಇದನ್ನೇ ಬೆನ್ನುಹತ್ತಿ ಅಧ್ಯಯನ ಮಾಡಿ 1956ರಲ್ಲಿ ಪುಸ್ತಕ ಪ್ರಕಟಿಸಿದರು. ಊರಿನವರು ಮರೆತ ಒಬ್ಬ ಕಂಪನಿ ಅಧಿಕಾರಿ ಬಂಡೆಯಲ್ಲಿ ಉಳಿದುಕೊಂಡ ರೀತಿ ನನಗೆ ತಮಾಷೆಯಾಗಿ ಕಾಣುತ್ತದೆ.

ನನ್ನನ್ನು ಹೆಚ್ಚು ಹಿಡಿದದ್ದು ಮಾತ್ರ ಕನಕಪುರ ತಾಲ್ಲೂಕಿನ ಕಬ್ಬಾಳ. ಅಲ್ಲಿನ ದುರ್ಗ ಹೈದರ್, ಟಿಪ್ಪು ಕಾಲದಲ್ಲಿ ಸೆರೆಮನೆಯಾಗಿತ್ತು ಎಂಬುದು ಗೊತ್ತಿರುವ ಸಂಗತಿ. ಅದರ ಹತ್ತಿರದ ಕಲ್ಲುಕ್ವಾರಿಯ ಕಥೆ ಅಷ್ಟು ಪ್ರಚಾರದಲ್ಲಿಲ್ಲ. ಕಥೆ ಶುರುವಾಗುವುದು ದೂರದ ಕಲ್ಕತ್ತದಲ್ಲಿ. ಅಲ್ಲಿ ಜಾಬ್ ಚಾರ್ನಾಕ್‌ನ ಸಮಾಧಿಗೆ ಹಾಸಿದ್ದ ಗಾಢಬಣ್ಣದ ಕಲ್ಲಿಗೆ ಥಾಮಸ್ ಹಾಲಂಡ್ ಎಂಬ ಭೂವಿಜ್ಞಾನಿ ‘ಚಾರ್ನೊಕೈಟ್’ ಎಂದು ಹೆಸರಿಟ್ಟ. ಕರಗಿದ ಶಿಲಾಪಾಕ ತಣಿದು ಇದು ಆಗಿದೆ ಎಂಬುದು ಅವನ ತೀರ್ಮಾನ. ದಕ್ಷಿಣ ಭಾರತದ ತುಂಬ ಇರುವ ಈ ಕಲ್ಲು ಹುಟ್ಟಿದ್ದು ಹೇಗೆ ಎಂಬ ಜಗಳ ದಶಕಗಟ್ಟಲೆ ನಡೆಯಿತು.

1960ರಲ್ಲಿ ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಶೀರ್ಷಿಕೆಯ ಅರ್ಥ, ಚಾರ್ನೊಕೈಟ್ ಆಗುತ್ತಿರುವುದು. ಕಬ್ಬಾಳದಲ್ಲಿ ಪಟ್ಟೆಪಟ್ಟೆಯ ಬೂದು ನೀಸ್ ಶಿಲೆಯ ನಡುವೆ ಹಸಿರುಗಪ್ಪು ಚಾರ್ನೊಕೈಟ್ ಮಚ್ಚೆಗಳಿವೆ, ನೀಸ್‌ನ ಪಟ್ಟೆ ಮಚ್ಚೆಯೊಳಗೂ ಮಸುಕಾಗಿ ಮುಂದುವರಿಯುತ್ತದೆ. ಅಂದರೆ ಇದು ಹೊರಗಿನಿಂದ ನುಗ್ಗಿದ ಶಿಲಾಪಾಕವಲ್ಲ. ಇದ್ದ ಕಲ್ಲೇ ಇದ್ದಲ್ಲಿಯೇ ಬದಲಾಗಿದೆ, ಅದೂ ಅರ್ಧಕ್ಕೆ ನಿಂತಿದೆ. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಎ.ಎಸ್. ಜನಾರ್ದನ್, ಅಮೆರಿಕದ ರಾಬರ್ಟ್ ನ್ಯೂಟನ್ ಮೊದಲಾದವರು 1980ರ ದಶಕದಲ್ಲಿ ಕಾರಣ ಹುಡುಕಿದರು. ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ಬಿರುಕುಗಳ ಗುಂಟ ಹರಿದು ಕಲ್ಲಿನೊಳಗಿನ ನೀರನ್ನು ಹೊರದೂಡಿತು, ನೀರು ಹಿಡಿದಿದ್ದ ಖನಿಜಗಳ ಜಾಗದಲ್ಲಿ ಒಣ ಖನಿಜಗಳು ಹುಟ್ಟಿದವು ಎಂಬುದು ಅವರ ವಾದ. ಟ್ರೈಲೋಬೈಟ್ ಒಂದು ಜೀವಿಯ ಗುರುತಾದರೆ ಇದು ಭೂಮಿಯ ಹೊರಪದರ ಮಾಡುತ್ತಿದ್ದ ಒಂದು ಕೆಲಸದ ಗುರುತು.

ಕಲ್ಲು ಒಡೆಯುವವರು ಹೊಸ ಮೈ ತೆರೆಯದಿದ್ದರೆ ಇಂಥ ಮಚ್ಚೆಗಳು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಕ್ವಾರಿಯನ್ನು ಸುಮ್ಮನೆ ಬೈಯಲು ನನಗೆ ಮನಸ್ಸಿಲ್ಲ. ಆದರೆ ಅದೇ ಸುತ್ತಿಗೆ ಇನ್ನಷ್ಟು ಒಳಕ್ಕೆ ಹೋದರೆ ತೋರಿಸಿದ್ದನ್ನು ಅದೇ ಅಳಿಸುತ್ತದೆ. ರಾಮದೇವರಬೆಟ್ಟಕ್ಕೆ 2012ರಲ್ಲಿ ರಕ್ಷಣೆ ಸಿಕ್ಕಿತು, ರಣಹದ್ದುಗಳ ದೆಸೆಯಿಂದ. ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎನಿಸಿಕೊಂಡವು ನಾಲ್ಕು: ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿ, ಕೋಲಾರದ ಕಡೆಯ ಪೆದ್ದಪಲ್ಲಿ, ಉಡುಪಿಯ ಸೇಂಟ್ ಮೇರೀಸ್ ದ್ವೀಪ. ಕಬ್ಬಾಳ ಅದರಲ್ಲಿಲ್ಲ, ರಾಮನಗರದ ಗ್ರಾನೈಟೂ ಇಲ್ಲ. ಮ್ಯೂಸಿಯಂನಲ್ಲಿ ಒಂದು ತುಂಡು ಇಟ್ಟರೆ ಸಾಲದು: ಮಚ್ಚೆ ಯಾವ ಬಿರುಕಿನ ಗುಂಟ ಹಬ್ಬಿದೆ, ಎಲ್ಲಿ ನಿಂತಿದೆ ಎಂಬುದೇ ಇಲ್ಲಿ ಸಾಕ್ಷಿ, ಅದು ತುಂಡಿನ ಜೊತೆ ಬರುವುದಿಲ್ಲ. ನಾಲ್ಕರ ಜೊತೆಗೆ ಐದನೆಯದಾಗಿ ಸೇರಬೇಕಾದ ಹೆಸರು ಕಬ್ಬಾಳ ಎಂದು ನನ್ನ ಪ್ರಬಂಧದಲ್ಲಿ ಬರೆಯುತ್ತಿದ್ದೇನೆ.