ಆ 24 ಗಂಟೆಯ ಹಿಂದಿರೋ ಇತಿಹಾಸ



ಸ್ವಲ್ಪ ಉದ್ದದ ಪೋಸ್ಟ್. ದಯವಿಟ್ಟು ಪೂರ್ತಿ ಓದಿ.

ಹೋದ ವಾರ ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ತಾಲ್ಲೂಕಿನ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ನಮ್ಮಣ್ಣನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗಿ ಎರಡು ದಿನ ಆಯ್ತು. ಕೇಳಿದ್ರೆ ವಿಚಾರಣೆ ಅಂತಾರೆ. ಕೇಸೂ ಹಾಕಿಲ್ವಂತೆ, ಬಿಡೋದೂ ಇಲ್ವಂತೆ." ಊರಲ್ಲಿ ಯಾರದೋ ತೋಟದ ಮೋಟರ್ ಕಳುವಾಗಿತ್ತು. ಜೀಪು ಸೀದಾ ಬಂದಿದ್ದು ಕೇರಿಗೆ.

ಬೆಳಿಗ್ಗೆ ನಾವು ಮೂವರು, ಜೊತೆಗೆ ಒಬ್ಬ ವಕೀಲರು ಹೋದ್ವಿ. ವಕೀಲರು ಕೇಳಿದ್ದು ಒಂದೇ ಮಾತು: "ಅರೆಸ್ಟ್ ಮೆಮೊ ತೋರಿಸಿ ಸಾರ್." ಅರ್ಧ ಗಂಟೆಯಲ್ಲಿ ಆ ಹುಡುಗ ಹೊರಗಿದ್ದ. "ಸುಮ್ನೆ ಕೇಳೋಕೆ ಕರೆಸಿದ್ವಿ, ಕರ್ಕೊಂಡು ಹೋಗಿ" ಅಂದ್ರು. ಯಾವ ಪುಸ್ತಕದಲ್ಲೂ ಅವನ ಹೆಸರಿಲ್ಲ. ಆದ್ರೆ ಅಂಗಾಲು ಊದಿಕೊಂಡು ನಡೆಯೋಕೆ ಆಗ್ತಿರಲಿಲ್ಲ.

ನಂಗೆ ನಮ್ಮಪ್ಪ ನೆನಪಾದ್ರು. ನಾನು ಚಿಕ್ಕವನಿದ್ದಾಗ ಕುರಿ ಕಳುವಾಯ್ತು ಅಂತ ಅಪ್ಪನ್ನ ಮೂರು ದಿನ ಕೂರಿಸಿಕೊಂಡಿದ್ರು. ಬಂದ ಮೇಲೆ ಅವ್ವ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಗೆ ಶಾಖ ಕೊಟ್ಟಳು. ಯಾರೂ ಏನೂ ಕೇಳಲಿಲ್ಲ. ಕುರಿ ಆಮೇಲೆ ಸಿಕ್ತು. ಅದಕ್ಕೂ ಯಾರೂ ಏನೂ ಹೇಳಲಿಲ್ಲ. ಅಪ್ಪನ ಹೊತ್ತಿನಲ್ಲಿ "ಮೆಮೊ ತೋರಿಸಿ" ಅನ್ನೋ ಮಾತೇ ಇರಲಿಲ್ಲ. ಆ ಮಾತು ಎಲ್ಲಿಂದ ಬಂತು ಅನ್ನೋದು ನಮ್ಮ ಹುಡುಗರಿಗೆ ಗೊತ್ತಿರಬೇಕು.

ಕಳವಾದ ಕೂಡಲೇ ಇಂಥ ಜಾತಿಯವರ ಮನೆಗೇ ಹೋಗೋದು ಪೊಲೀಸರ ಕೆಟ್ಟ ಚಾಳಿ ಮಾತ್ರ ಅಲ್ಲ, ಒಂದು ಕಾಲಕ್ಕೆ ಅದು ಕಾನೂನೇ ಆಗಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಒಂದು ಸಮುದಾಯವನ್ನ ಪಟ್ಟಿಗೆ ಸೇರಿಸಿದ್ರೆ ಮುಗೀತು, ಹುಟ್ಟಿದ ಮಗುವೂ ಕಳ್ಳನೇ. ಆ ಅಧಿಸೂಚನೆಯನ್ನ ಯಾವ ಕೋರ್ಟೂ ಪ್ರಶ್ನೆ ಮಾಡೋ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಬರೆದಿತ್ತು. ಬಾಂಬೆ ಪ್ರಾಂತ್ಯದ ಹುಬ್ಬಳ್ಳಿ, ಗದಗದಲ್ಲಿ ಇಂಥವರನ್ನ ಕೂಡಿಹಾಕಿದ ಜಾಗಕ್ಕೆ ಜನ ಇವತ್ತಿಗೂ 'ಸೆಟ್ಲಮೆಂಟ್' ಅಂತಾರೆ. ಕಾಯ್ದೆ ರದ್ದಾಗಿದ್ದು 1952ರಲ್ಲಿ. ರೂಢಿ ಅಪರಾಧಿಗಳ ಕಾಯ್ದೆ ಅನ್ನೋ ಹೊಸ ಹೆಸರಲ್ಲಿ ಅದರ ನೆರಳು ಉಳಿಯಿತು. ನಮ್ಮ ರಾಜ್ಯದ್ದು 1961ರದು.

ಇದಕ್ಕೆ ಎದುರಾಗಿ ನಿಲ್ಲೋದು ಸಂವಿಧಾನದ 22ನೇ ವಿಧಿ. ಅದು ಮೊದಲ ಕರಡಿನಲ್ಲಿ ಇರಲೇ ಇಲ್ಲ. ಜೀವ ಮತ್ತು ಸ್ವಾತಂತ್ರ್ಯದ ವಿಧಿಯಿಂದ 'ಡ್ಯೂ ಪ್ರೋಸೆಸ್' ಅನ್ನೋ ಪದ ಕೈಬಿಟ್ಟಾಗ ಜನರಿಗೆ ಅಸಮಾಧಾನ ಆಗಿತ್ತು. ಬಾಬಾಸಾಹೇಬರಿಗೂ ಆಗಿತ್ತು. ಆ ನಷ್ಟವನ್ನ ಸ್ವಲ್ಪವಾದ್ರೂ ತುಂಬೋದಕ್ಕೆ 1949ರ ಸೆಪ್ಟೆಂಬರ್ 15ರಂದು ಅವರು ಈ ಹೊಸ ವಿಧಿಯನ್ನ ಸಭೆಯ ಮುಂದಿಟ್ಟರು. ಬಂಧನಕ್ಕೆ ಕಾರಣ ಹೇಳಬೇಕು, ವಕೀಲರನ್ನ ಕಾಣೋಕೆ ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇಂಥ ನಿಯಮ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮೊದಲೇ ಇತ್ತಲ್ಲ ಅಂತ ಕೆಲವರು ಕೇಳ್ತಾರೆ. ಇತ್ತು. ಆದ್ರೆ ಸಂಹಿತೆಯನ್ನ ಯಾವ ಸರ್ಕಾರ ಬೇಕಾದ್ರೂ ತಿದ್ದಬಹುದು, ಮೂಲಭೂತ ಹಕ್ಕನ್ನ ಹಾಗೆ ತಿದ್ದೋಕೆ ಆಗಲ್ಲ ಅನ್ನೋದು ಬಾಬಾಸಾಹೇಬರ ವಾದ. ಅದೇ ವಿಧಿಯೊಳಗೆ ಮುನ್ನೆಚ್ಚರಿಕೆ ಬಂಧನಕ್ಕೂ ಜಾಗ ಇದೆ, ಅದನ್ನ ಮುಚ್ಚಿಡಬಾರದು. ಆದ್ರೂ ಕೇರಿಯ ಕೂಲಿಯವನ ಪರವಾಗಿ ಸ್ಟೇಷನ್ ಗಡಿಯಾರಕ್ಕೆ ಲೆಕ್ಕ ಇಟ್ಟಿದ್ದು ಆ 24 ಗಂಟೆ.

ಹಕ್ಕು ಬಂತು. ಅದನ್ನ ಮುರಿದವರು ಏನು ಕೊಡಬೇಕು? ಇದಕ್ಕೆ ಉತ್ತರ ಸಿಗೋಕೆ 33 ವರ್ಷ ಬೇಕಾಯ್ತು. ಬಿಹಾರದ ರುದುಲ್ ಸಾಹ್ ಅನ್ನೋರು 1968ರ ಜೂನ್‌ನಲ್ಲಿ ಖುಲಾಸೆಯಾದರು. ಮುಜಾಫರ್‌ಪುರ ಜೈಲಿಂದ ಹೊರಗೆ ಬಂದಿದ್ದು 1982ರ ಅಕ್ಟೋಬರ್‌ನಲ್ಲಿ. ನಿರಪರಾಧಿ ಅಂತ ತೀರ್ಪಾದ ಮೇಲೆ 14 ವರ್ಷ ಒಳಗೆ! 1983ರಲ್ಲಿ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಲ್ಲೇ ಪರಿಹಾರ ಕೊಡಿಸಿತು. ಒಟ್ಟು 35,000 ರೂಪಾಯಿ. ದುಡ್ಡು ಚಿಕ್ಕದು, ಆದ್ರೆ ತೆರೆದ ಬಾಗಿಲು ದೊಡ್ಡದು. ಒಡಿಶಾದ ನೀಲಾವತಿ ಬೆಹೆರಾ ಬರೆದ ಒಂದು ಪತ್ರವನ್ನೇ ಕೋರ್ಟು ಅರ್ಜಿಯಾಗಿ ತಗೊಂಡಿತು. ಪೊಲೀಸರು ಕರ್ಕೊಂಡು ಹೋದ 22 ವರ್ಷದ ಮಗ ರೈಲ್ವೆ ಹಳಿ ಮೇಲೆ ಹೆಣವಾಗಿ ಸಿಕ್ಕಿದ್ದ. 1993ರಲ್ಲಿ ಆ ತಾಯಿಗೆ ಒಂದೂವರೆ ಲಕ್ಷ ಕೊಡಿಸಿತು.

ಮೊನ್ನೆ ನಮ್ಮ ವಕೀಲರು ಕೇಳಿದ ಮೆಮೊ ಬಂದಿದ್ದು 1996ರ ಡಿಸೆಂಬರ್‌ನಲ್ಲಿ, ಡಿ.ಕೆ. ಬಸು ಪ್ರಕರಣದ ತೀರ್ಪಿಂದ. ಬಂಧಿಸೋ ಪೊಲೀಸರ ಎದೆ ಮೇಲೆ ಹೆಸರಿರಬೇಕು. ಮೆಮೊದಲ್ಲಿ ದಿನ, ಸಮಯ ಇರಬೇಕು. ಅದಕ್ಕೆ ಮನೆಯವರು ಇಲ್ಲವೇ ಊರಿನ ಗೌರವಸ್ಥರು ಸಾಕ್ಷಿ ಹಾಕಬೇಕು. ಮನೆಯವರಿಗೆ ತಿಳಿಸಬೇಕು. ವೈದ್ಯಕೀಯ ತಪಾಸಣೆ ಆಗಬೇಕು.

ಈಗ ಹೊಟ್ಟೆ ಉರಿಯೋ ವಿಷಯ. ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಒಂದು ಘೋರ ಅಪರಾಧಕ್ಕೆ ಅಲೆಮಾರಿ ಬುಡಕಟ್ಟಿನ ಆರು ಜನರನ್ನ ಹಿಡಿದರು. ಕಣ್ಣಾರೆ ಕಂಡ ಹೆಂಗಸು ಪೊಲೀಸರ ಫೋಟೊಗಳಲ್ಲಿ ಬೇರೆ ನಾಲ್ವರನ್ನ ಗುರುತಿಸಿದ್ದಳು. ಅವರನ್ನ ಮುಟ್ಟಲೇ ಇಲ್ಲ. 2009ರಲ್ಲಿ ಸುಪ್ರೀಂ ಕೋರ್ಟೇ ಈ ಆರೂ ಜನರಿಗೆ ಗಲ್ಲು ಅಂದಿತು. 2019ರ ಮಾರ್ಚ್‌ನಲ್ಲಿ ಅದೇ ಕೋರ್ಟು ತನ್ನ ತೀರ್ಪನ್ನ ತಿರುಗಿಸಿ, ಇವರನ್ನ ಸುಳ್ಳಾಗಿ ಸಿಕ್ಕಿಸಲಾಗಿದೆ ಅಂತ ಬಿಡುಗಡೆ ಮಾಡಿತು. ಅವರಲ್ಲೊಬ್ಬ ಹಿಡಿದಾಗ ಇನ್ನೂ ಬಾಲಕ. ಪರಿಹಾರ ತಲಾ 5 ಲಕ್ಷ. ಅದರ ಹಿಂದಿನ ವರ್ಷ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ ಇದೇ ಕೋರ್ಟು 50 ಲಕ್ಷ ಕೊಡಿಸಿತ್ತು. ಅವರಿಗೂ ಅನ್ಯಾಯವಾಗಿದೆ, ಅವರಿಗೆ ಕೊಟ್ಟಿದ್ದು ಜಾಸ್ತಿ ಅಂತ ನಾನು ಹೇಳಲ್ಲ. ಗಲ್ಲಿನ ನೆರಳಲ್ಲಿ ಕಳೆದ ಆಯಸ್ಸಿಗೆ 5 ಲಕ್ಷದ ಬೆಲೆ ಕಟ್ಟಿದ್ದು ಯಾವ ತಕ್ಕಡೀಲಿ ಅಂತ ಕೇಳ್ತೀನಿ, ಅಷ್ಟೆ.

ಇದಕ್ಕೊಂದು ಕಾಯ್ದೆ ಬೇಕು ಅಂತ ಕಾನೂನು ಆಯೋಗ 2018ರಲ್ಲಿ 277ನೇ ವರದಿಯಲ್ಲಿ ಹೇಳಿತು. 2024ರ ಜುಲೈನಲ್ಲಿ ಹೊಸ ಸಂಹಿತೆಗಳು ಬಂದವು, ಆದರೆ ಆ ಕಾಯ್ದೆ ಬರಲಿಲ್ಲ. ಕಾರಣವಿಲ್ಲದೆ ಬಂಧನ ಆದ್ರೆ ಹೊಸ ಸಂಹಿತೆಯ 399ನೇ ಕಲಂನಲ್ಲಿ ಪರಿಹಾರ ಎಷ್ಟು ಗೊತ್ತಾ? ಹೆಚ್ಚೆಂದರೆ 1,000 ರೂಪಾಯಿ. ಅದನ್ನೂ ಕೊಡಬೇಕಾದ್ದು ಹಿಡಿಸಿದವನು, ಹಿಡಿದ ಪೊಲೀಸರಲ್ಲ.

ಹಾಗಾದ್ರೆ ನಮ್ಮ ಕೈಲಿ ಏನಿದೆ?

ಕರ್ಕೊಂಡು ಹೋದ ಕೂಡಲೇ ಸಮಯ ಬರೆದಿಟ್ಟುಕೊಳ್ಳಿ. ನೋಡಿದವರ ಹೆಸರು ಬರೆದಿಡಿ. 15100ಕ್ಕೆ ಫೋನ್ ಮಾಡಿ. ಪರಿಶಿಷ್ಟರಿಗೆ, ಕಸ್ಟಡಿಯಲ್ಲಿರೋ ಯಾರಿಗೇ ಆದ್ರೂ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 24 ಗಂಟೆ ದಾಟಿದ್ರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಬೆಂಗಳೂರಿಗೇ ಬರಬೇಕಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ಹೊಡೆದಿದ್ರೆ ಅಲ್ಲೇ ಬಾಯಿಬಿಟ್ಟು ಹೇಳಿ. ಬಿಟ್ಟು ಕಳಿಸಿದ್ರೆ ಮನೆಗಿಂತ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ ಮಾಡಿಸಿ. ಸ್ಟೇಷನ್ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಎಸ್ಪಿಗೆ ಲಿಖಿತವಾಗಿ ಕೊಡಿ. 18 ತಿಂಗಳು ಇಡಬೇಕು ಅಂತ 2020ರ ಸುಪ್ರೀಂ ಕೋರ್ಟ್ ಆದೇಶ ಇದೆ. ಸುಳ್ಳು ದೂರು ಕೊಟ್ಟವನು ಪರಿಶಿಷ್ಟನಲ್ಲದಿದ್ರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಪಿ), (ಕ್ಯೂ) ಕಲಂ ಓದಿ. ಮಾನವ ಹಕ್ಕು ಆಯೋಗಕ್ಕೆ ದೂರು ಕೊಡೋಕೆ ಒಂದು ವರ್ಷ ಗಡುವು. ಅಕ್ರಮ ಬಂಧನಕ್ಕೆ ಸಿವಿಲ್ ದಾವೆ ಹೂಡೋಕೂ ಅಷ್ಟೇ. "ಆಮೇಲೆ ನೋಡೋಣ" ಅಂದ್ರೆ ಆ ವರ್ಷ ಹೋಗೇಬಿಡುತ್ತೆ.

2024ರ ಅಕ್ಟೋಬರ್‌ನಲ್ಲಿ ಜೈಲುಗಳ ಜಾತಿ ತಾರತಮ್ಯದ ಬಗ್ಗೆ ಬಂದ ಸುಕನ್ಯಾ ಶಾಂತಾ ತೀರ್ಪಿನಲ್ಲಿ, ವಿಮುಕ್ತ ಬುಡಕಟ್ಟುಗಳ ಜನರನ್ನ ಮನಸ್ಸಿಗೆ ಬಂದಂತೆ ಬಂಧಿಸಬಾರದು ಅಂತಲೂ ಕೋರ್ಟು ಹೇಳಿದೆ. 1871ರಲ್ಲಿ ಮುಚ್ಚಿದ ಕೋರ್ಟಿನ ಬಾಗಿಲಿಂದಲೇ ಬಂದ ಮಾತು ಇದು.

ಆ ಹುಡುಗನಿಗೆ ಎಂಎಲ್‌ಸಿ ಮಾಡಿಸಿದ್ದೀವಿ, ಕಾಗದ ನನ್ನ ಬ್ಯಾಗಲ್ಲಿದೆ. ದೂರು ಕೊಡ್ತೀಯೇನಪ್ಪಾ ಅಂದ್ರೆ "ಅದೇ ಊರಲ್ಲಿ ಬಾಳ್ಬೇಕಲ್ಲಣ್ಣಾ" ಅಂತಾನೆ. ನಾನು ಒತ್ತಾಯ ಮಾಡಲಿಲ್ಲ. ಕೂಲಿಗೆ ಕರೆಯೋರು ಅವರೇ, ನೀರು ಬಿಡೋರೂ ಅವರೇ ಅಂತ ನಂಗೂ ಗೊತ್ತು. ಅವನೊಬ್ಬನಿಗೇ ಈ ಭಾರ ಬಿಟ್ಟರೆ ಅವನು ನಮ್ಮಪ್ಪನ ಹಾಗೆ ಸುಮ್ಮನಾಗ್ತಾನೆ. ಮುಂದಿನ ಭಾನುವಾರ ಅವರ ಕೇರಿಯಲ್ಲಿ ಕೂತು ಮಾತಾಡೋಣ ಅಂತಿದ್ದೀವಿ. ಬರೋಕೆ ಆಗೋರು ಇನ್‌ಬಾಕ್ಸ್‌ಗೆ ಬನ್ನಿ. ಒಬ್ಬನ ಹಿಂದೆ ಇಪ್ಪತ್ತು ಜನ ನಿಂತರೆ ಅವನ ಉತ್ತರ ಬದಲಾಗಬಹುದು.

ಜೈಭೀಮ್.