ತೇಗದ ಆಯುಷ್ಯ: ಒಂದು ಹಾಯಿಹಡಗು ಮತ್ತು ನಮ್ಮ ಖಾಡಿಯ ನೆನಪು

ಕಲ್ಯಾಣದ ದುರ್ಗಾಡಿ ಕೋಟೆಯನ್ನು ನಾವೆಲ್ಲ ನೋಡಿದ್ದೇವೆ. ನವರಾತ್ರಿಯಲ್ಲಿ ದೇವಿಯ ದರ್ಶನಕ್ಕೆ ಅಲ್ಲಿಗೆ ಹೋಗುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಆದರೆ ಕೋಟೆಯ ಕೆಳಗೆ ಮಂದವಾಗಿ ಹರಿಯುವ ಆ ಖಾಡಿಯ ದಂಡೆಯಲ್ಲಿ ಒಂದು ಕಾಲಕ್ಕೆ ಹಡಗುಗಳು ಹುಟ್ಟುತ್ತಿದ್ದವು ಎಂಬುದನ್ನು ನೆನೆಯುವವರು ವಿರಳ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ ಕಲ್ಯಾಣವನ್ನು ಬಂದರೆಂದು ಹೆಸರಿಸುತ್ತದೆ. ಪಶ್ಚಿಮ ಕರಾವಳಿಯಿಂದ ಪರ್ಷಿಯಾ ಕೊಲ್ಲಿಯ ಕಡೆಗೆ ಸಾಗುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಅದೇ ಗ್ರಂಥ ತೇಗದ ಮರವನ್ನೂ ಸೇರಿಸಿದೆ. ಹಡಗು ಕಟ್ಟುವ ಮರವೇ ಹಡಗೇರಿ ಹೋಗುತ್ತಿದ್ದ ಕಾಲವದು.

ಶಿವಾಜಿ ಮಹಾರಾಜರು ಕಲ್ಯಾಣ ಮತ್ತು ಭಿವಂಡಿಯನ್ನು ವಶಪಡಿಸಿಕೊಂಡದ್ದು 1657ರಲ್ಲಿ. ಜಂಜೀರದ ಸಿದ್ದಿಯನ್ನು ನೆಲದಿಂದಷ್ಟೇ ಎದುರಿಸಲಾಗದು ಎಂದರಿತ ಅವರು ಇಲ್ಲಿ ನೌಕೆಗಳ ನಿರ್ಮಾಣಕ್ಕೆ ಕೈಹಾಕಿದರು. 1659ರ ಪೋರ್ಚುಗೀಸ್ ಪತ್ರಗಳಲ್ಲಿ ಇಪ್ಪತ್ತು ಯುದ್ಧನೌಕೆಗಳು ಸಿದ್ಧವಾಗುತ್ತಿದ್ದ ವಾರ್ತೆಯಿದೆ. ಕೆಲಸದ ಮೇಲ್ವಿಚಾರಣೆಗೆ ರುಯಿ ಲೆಯಿತಾಂವ್ ವಿಯೇಗಸ್ ಎಂಬ ಪೋರ್ಚುಗೀಸನೂ ಅವನ ಮಗನೂ ನೇಮಕಗೊಂಡಿದ್ದರು. ಈ ನೌಕೆಗಳು ನಾಳೆ ತಮ್ಮ ಮೇಲೆಯೇ ತಿರುಗಿಬಿದ್ದಾವು ಎಂದು ಅಂಜಿದ ವಸಯಿಯ ಪೋರ್ಚುಗೀಸ್ ಅಧಿಕಾರಿಗಳು ಅವರನ್ನು ಮನವೊಲಿಸಿ ಕರೆಸಿಕೊಂಡರು. ಮರವಿತ್ತು, ಕಬ್ಬಿಣವಿತ್ತು, ಆದರೆ ಕೈಗಳು ಎದ್ದುಹೋದವು. ಹಡಗಿನ ಭಾಗಗಳಲ್ಲಿ ಎಲ್ಲಕ್ಕಿಂತ ದುರ್ಲಭವಾದದ್ದು ಅದನ್ನು ಕಟ್ಟಬಲ್ಲ ಮನುಷ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ ಕೆಲಸ ನಿಲ್ಲಲಿಲ್ಲ. 1665ರ ಫೆಬ್ರುವರಿಯಲ್ಲಿ ಶಿವಾಜಿಯ ನೌಕಾಬಲ ಮಾಲವಣದಿಂದ ಹೊರಟು ನಮ್ಮ ಕುಂದಾಪುರದ ಬಳಿಯ ಬಸರೂರಿನ ಮೇಲೆ ಎರಗಿತು. ಖಾಡಿಯ ದಂಡೆಯಲ್ಲಿ ಮೊದಲಾದ ಒಂದು ಕಸುಬಿನ ಪರಿಣಾಮವನ್ನು ಕನ್ನಡ ಕರಾವಳಿಯ ಸಿರಿವಂತ ಪೇಟೆಯೊಂದು ಎಂಟು ವರ್ಷಗಳೊಳಗೆ ಅನುಭವಿಸಿತು.

ಮುಂದಿನ ಶತಮಾನದಲ್ಲಿ ಹಡಗು ಕಟ್ಟುವ ಕೇಂದ್ರ ಮುಂಬಯಿಗೆ ಸರಿಯಿತು. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಕಟ್ಟೆಗೆ ಬುನಾದಿ ಹಾಕಿದ. ಅವನ ವಂಶದವರು ಒಂದೂವರೆ ಶತಮಾನದಷ್ಟು ಕಾಲ ಅಲ್ಲಿಯ ಮುಖ್ಯ ಶಿಲ್ಪಿಗಳಾಗಿದ್ದರು. 1842ರಲ್ಲಿ ಅಫೀಮು ಯುದ್ಧವನ್ನು ಕೊನೆಗೊಳಿಸಿ ಹಾಂಗ್‌ಕಾಂಗನ್ನು ಬ್ರಿಟಿಷರಿಗೊಪ್ಪಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಮುಂಬಯಿಯಲ್ಲಿ ಕಟ್ಟಿದ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ.

ಆ ಮನೆತನದ ಕೈಕೆಲಸದಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವುದು ‘ಟ್ರಿಂಕೋಮಲೀ’. ನೆಪೋಲಿಯನ್ನನ ಯುದ್ಧಗಳಿಂದ ಇಂಗ್ಲೆಂಡಿನ ಓಕ್ ಮರಗಳು ಬರಿದಾಗಿದ್ದವು. ಹಾಗಾಗಿ 1812ರಲ್ಲಿ ಬ್ರಿಟಿಷ್ ನೌಕಾಡಳಿತ ಈ ಹಡಗನ್ನು ಮುಂಬಯಿಯಲ್ಲಿ ಕಟ್ಟಲು ಆದೇಶಿಸಿತು. ಅದರ ನಕ್ಷೆಗಳನ್ನು ಹೊತ್ತು ಬರುತ್ತಿದ್ದ ‘ಜಾವಾ’ ಎಂಬ ಹಡಗನ್ನು ಅಮೆರಿಕದ ನೌಕೆಯೊಂದು ಅದೇ ವರ್ಷಾಂತ್ಯದಲ್ಲಿ ನಾಶಮಾಡಿದ್ದರಿಂದ ನಕ್ಷೆಗಳನ್ನು ಮತ್ತೆ ಕಳುಹಿಸಬೇಕಾಯಿತು. ಕೊನೆಗೆ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ ಪಾರ್ಸಿ ಸಂಪ್ರದಾಯದಂತೆ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದು ಕೆಲಸ ಆರಂಭಿಸಿದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು.

ಮರ ಮಲಬಾರಿನ ತೇಗ. ಓಕ್ ಮರದಲ್ಲಿರುವ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆಯಂಶ ಅದನ್ನು ಕಾಯುತ್ತದೆ. ಹುಳು, ಕೊಳೆತಗಳಿಗೂ ತೇಗ ಬೇಗ ಮಣಿಯದು. ಹಡಗಿನ ಮುಂದಿನ ಕಥೆಯೆಲ್ಲ ಈ ಗುಣದ ಕಥೆಯೇ. 1897ರಲ್ಲಿ ಗುಜರಿಗೆ ಹೋಗಬೇಕಿದ್ದ ಅದನ್ನು ವೀಟ್ಲಿ ಕಾಬ್ ಎಂಬಾತ ಕೊಂಡು, ತಾನು ಕಳೆದುಕೊಂಡಿದ್ದ ಹಡಗಿನ ನೆನಪಿಗೆ ‘ಫುದ್ರಯಾಂ’ ಎಂದು ಹೆಸರಿಟ್ಟು, ಹುಡುಗರಿಗೆ ನಾವಿಕವಿದ್ಯೆ ಕಲಿಸುವ ಶಾಲೆಯಾಗಿಸಿದ. ಅದು 1986ರವರೆಗೂ ನಡೆಯಿತು. ಮರುವರ್ಷ ಇಂಗ್ಲೆಂಡಿನ ಈಶಾನ್ಯದ ಹಾರ್ಟಲ್‌ಪೂಲಿಗೆ ಅದನ್ನು ಸಾಗಿಸಲಾಯಿತು. 1990ರಲ್ಲಿ ಮೊದಲಾದ ಜೀರ್ಣೋದ್ಧಾರ ಮುಗಿದದ್ದು 2001ರಲ್ಲಿ. ಕಟ್ಟಲು ಹಿಡಿದದ್ದಕ್ಕಿಂತ ಎಷ್ಟೋ ಹೆಚ್ಚಿನ ಕಾಲ ರಿಪೇರಿಗೆ ಬೇಕಾಯಿತು. ಹೊಸ ಹಡಗಿಗೆ ಇಡೀ ಕಾಡಿನಿಂದ ಮರ ಆರಿಸಬಹುದು. ಹಳೆಯ ಹಡಗಿಗಾದರೋ, ಕೊಳೆತ ತುಂಡು ಯಾವ ಬಾಗಿನಲ್ಲಿತ್ತೋ ಅದೇ ಬಾಗಿನ ತುಂಡನ್ನೇ ಕೆತ್ತಿ, ಪಕ್ಕದ ಎರಡು ಶತಮಾನದ ಮರ ಒಪ್ಪುವಂತೆ ಕೂಡಿಸಬೇಕು. ಇಷ್ಟಾಗಿಯೂ ಮುಂಬಯಿಯಲ್ಲಿ ಜೋಡಿಸಿದ ಮರದ ಬಹುಪಾಲು ಹಾಗೆಯೇ ಉಳಿಯಿತು. 1992ರಲ್ಲಿ ಹಳೆಯ ಹೆಸರೂ ಮರಳಿತು.

ಈ ಕೀರ್ತಿಗೆ ಬೆಲೆ ತೆತ್ತವರು ಯಾರೆಂಬುದನ್ನೂ ನೋಡಬೇಕು. 1799ರಲ್ಲಿ ಟಿಪ್ಪು ಬಿದ್ದೊಡನೆ ಕೆನರಾ ಕಂಪೆನಿಯ ಕೈಸೇರಿತು. ಹಡಗಿನ ಹಲಗೆಗೆ ತೇಗ, ಕೂವೆಮರಕ್ಕೆ ಸುರಹೊನ್ನೆಯ ಕುಲದ ನೇರವಾದ ‘ಪೂನ್’ ಮರ: ಘಟ್ಟದ ಕಾಡುಗಳು ಈ ದೃಷ್ಟಿಯಿಂದಲೇ ಅಳೆಯಲ್ಪಟ್ಟವು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿ ಅರಣ್ಯ ಸಂರಕ್ಷಕನಾದ. ಭಾರತದಲ್ಲಿ ಆ ಹುದ್ದೆ ಹೊತ್ತವರಲ್ಲಿ ಅವನೇ ಮೊದಲಿಗ. ಅವನು ಸಂರಕ್ಷಿಸಿದ್ದು ಕಾಡನ್ನಲ್ಲ, ನೌಕಾಪಡೆಯ ಮರದ ಪೂರೈಕೆಯನ್ನು. ಮಲಬಾರಿನ ರೈತ ತನ್ನ ಹಿತ್ತಲ ತೇಗವನ್ನೂ ಮುಟ್ಟದಂತಾಯಿತು. 1823ರಲ್ಲಿ, ಹಿಂದೆ ಕೆನರಾದ ಕಲೆಕ್ಟರನಾಗಿದ್ದು ಆಗ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಆ ಹುದ್ದೆಯನ್ನು ತೆಗೆದುಹಾಕಿದ. ಅಷ್ಟರಲ್ಲಿ ದೊಡ್ಡ ಮರಗಳು ಅಪರೂಪವಾಗಿದ್ದವು. 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ತೋಟ ಎಬ್ಬಿಸಬೇಕಾಯಿತು. ಆ ಸಸಿಗಳು ಬಲಿತು ಹಲಗೆಯಾಗುವ ಹೊತ್ತಿಗೆ ಯುದ್ಧನೌಕೆಗಳು ಕಬ್ಬಿಣದವಾಗಿದ್ದವು.

ಇತ್ತೀಚಿನ ಒಂದು ಪ್ರಯತ್ನ ಈ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಎತ್ತಿಕೊಂಡಿದೆ. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ ಗೋವೆಯಲ್ಲಿ ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಅದರ ಹಲಗೆಗಳಿಗೆ ಮೊಳೆಯ ಬಿಗಿತವಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿದು, ರಾಳ ಬಳಿದಿದ್ದಾರೆ. ಹೊಲಿದ ಹಡಗಿನಲ್ಲಿ ಕೆಟ್ಟ ಹಲಗೆಯ ಹೊಲಿಗೆ ಬಿಚ್ಚಿ ಹೊಸದನ್ನು ಕೂಡಿಸಬಹುದು. ಸವೆತವನ್ನು ಮೊದಲೇ ಒಪ್ಪಿಕೊಂಡ ವಿದ್ಯೆಯದು. ಅದರ ಹಾಯಿಯ ಮೇಲಿರುವುದು ನಮಗೆ ಪರಿಚಿತವಾದ ಗಂಡಭೇರುಂಡ. ಅಳಿದೇಹೋಯಿತೆಂದುಕೊಂಡಿದ್ದ ಹಡಗಿಗೆ ನಕ್ಷೆ ಉಳಿದಿರಲಿಲ್ಲ. ಆದರೆ ಹಲಗೆ ಹೊಲಿಯಬಲ್ಲ ಬಾಬು ಶಂಕರನ್ ಎಂಬ ಕುಶಲಿ ಕೇರಳದಲ್ಲಿ ಉಳಿದಿದ್ದರು. ಅವರ ತಂಡದಿಂದ ಹಡಗು ಎದ್ದುನಿಂತಿತು.

1659ರ ಕಲ್ಯಾಣದಲ್ಲಿ ಕೈಗಳು ಹೊರಟುಹೋದವು. ಗೋವೆಯಲ್ಲಿ ಅವು ದೊರೆತವು. ಎರಡರ ನಡುವೆ ಇರುವ ಅಂತರ ಮರದ್ದಲ್ಲ, ಕಲಿಕೆಯದು. ಬೇಲಾಪುರದ ದಿವಾಳೆ, ಕರಾವೆಗಳಂಥ ಕೋಳಿವಾಡೆಗಳಿರುವ ನಮ್ಮ ಸುತ್ತಿನಲ್ಲಿ ಇಂದು ಫೈಬರಿನ ದೋಣಿಗಳು ಬಂದಿವೆ. ಅದು ತಪ್ಪಲ್ಲ, ಮೀನುಗಾರನಿಗೆ ಹಗುರವಾದ, ಅಗ್ಗವಾದ ದೋಣಿ ಬೇಕು. ಆದರೆ ಮರದ ದೋಣಿಯ ಒಂದೊಂದು ಭಾಗಕ್ಕೂ ಕೋಳಿಯರ ಬಾಯಲ್ಲಿ ಒಂದು ಹೆಸರಿದೆ. ಮಂಗಳೂರಿನ ಹೆಂಚು ಹೊತ್ತು ಮುಂಬಯಿಗೆ ಬರುತ್ತಿದ್ದ ಮಂಜಿ, ಪತ್ತೆಮಾರಿಗಳ ಭಾಗಗಳಿಗೆ ತುಳು ಕನ್ನಡಗಳಲ್ಲೂ ಹೆಸರುಗಳಿದ್ದವು. ಕಡಲತೀರದಿಂದ ಬಂದ ನಮ್ಮ ಹಿರಿಯರಲ್ಲಿ ಆ ಹಡಗುಗಳನ್ನು ಕಣ್ಣಾರೆ ಕಂಡವರು ಇನ್ನೂ ಕೆಲವರಿದ್ದಾರೆ. ಕೊಳೆತ ಹಲಗೆಯ ಜಾಗಕ್ಕೆ ಮತ್ತೊಂದು ಹಲಗೆ ಎಂದಾದರೂ ಸಿಕ್ಕೀತು. ಅದನ್ನು ಏನೆಂದು ಕರೆಯುತ್ತಿದ್ದರು, ಹೇಗೆ ಕೂಡಿಸುತ್ತಿದ್ದರು ಎಂಬುದನ್ನು ಮಾತ್ರ ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.