ಓಝೋನ್ ವಾಯುವಿನ ಅಳತೆಯ ಚರಿತ್ರೆ: ಮನೆಯ ಹವಳದ ತೊಟ್ಟಿಯ ದೃಷ್ಟಿಯಿಂದ

1

ಚಿತ್ರದುರ್ಗ ಜಿಲ್ಲೆಯ ಪೂರ್ವಭಾಗದಲ್ಲಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದುವು. ವೇದಾವತಿಯ ಪಾತ್ರದಲ್ಲಿ ವರ್ಷದ ಬಹುಕಾಲ ನೀರಿಗಿಂತ ಮರಳೇ ಹೆಚ್ಚಾಗಿ ಕಾಣುತ್ತದೆ. ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡಸು, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿ ಫ್ಲೋರೈಡ್ ಇರುವ ಗ್ರಾಮಗಳೂ ಉಂಟು. ಆದುದರಿಂದ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನಿನಲ್ಲಿ ಕುಡಿಯುವ ನೀರನ್ನು ತರುವುದು ಇಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿದೆ. ಅಂಗಡಿಯಲ್ಲಿ ಮಾರುವ ಬಾಟಲಿಯ ಚೀಟಿಯನ್ನು ಗಮನವಿಟ್ಟು ಓದಿದರೆ, ನೀರನ್ನು ಓಝೋನ್‌ನಿಂದ ಸಂಸ್ಕರಿಸಿದೆ ಎಂಬ ಮಾತು ಅನೇಕ ವೇಳೆ ಕಣ್ಣಿಗೆ ಬೀಳುತ್ತದೆ.

ಇದೇ ವಾಯುವನ್ನು ಗಾಜಿನ ತೊಟ್ಟಿಯಲ್ಲಿ ಕಡಲಿನ ಮೀನನ್ನೂ ಹವಳವನ್ನೂ ಸಾಕುವ ಹವ್ಯಾಸಿಗಳು ಬಳಸುತ್ತಾರೆ. ಸಮುದ್ರಕ್ಕೆ ದೂರವಾದ ಈ ಒಣಸೀಮೆಯಲ್ಲಿ ಅಂತಹ ತೊಟ್ಟಿಗಳ ಪರಂಪರೆಯೊಂದು ಇದೆಯೆಂದು ಸಾಧಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಕ್ಯಾನಿನ ನೀರಿನಲ್ಲಿ ನಿರಪಾಯವೆನಿಸಿದ ವಾಯು ಮನೆಯೊಳಗಿನ ಕಡಲಿನಲ್ಲಿಯೂ ನಿರಪಾಯವೇ ಎಂಬುದು ನಮ್ಮ ಪ್ರಶ್ನೆ. ಇದಕ್ಕೆ ಉತ್ತರವನ್ನು ರಸಾಯನಶಾಸ್ತ್ರವೊಂದರಿಂದಲೇ ಪಡೆಯಬಹುದಾದರೂ, ಆ ಉತ್ತರ ದೊರೆತ ಬಗೆಯನ್ನು ತಿಳಿಯಲು ಇತಿಹಾಸವನ್ನು ನೋಡಬೇಕಾಗುತ್ತದೆ. ಕಳೆದ ಎರಡು ಶತಮಾನಗಳಲ್ಲಿ ಮನುಷ್ಯನು ಓಝೋನನ್ನು ಮೊದಲು ಮೂಗಿನಿಂದ, ಬಳಿಕ ಕಾಗದದಿಂದ, ಈಚೆಗೆ ವಿದ್ಯುದ್ವಾರದಿಂದ ಅಳೆದಿದ್ದಾನೆ. ಪ್ರತಿಯೊಂದು ಅಳತೆಯೂ ಒಂದಿಷ್ಟನ್ನು ತಿಳಿಸಿ ಮತ್ತೊಂದಿಷ್ಟನ್ನು ಮರೆಮಾಡಿತು. ಅಪಾಯಗಳು ಹುಟ್ಟಿದುದು ಬಹುಮಟ್ಟಿಗೆ ಆ ಮರೆಯಾದ ಭಾಗದಿಂದಲೇ ಎಂಬುದನ್ನು ಮುಂದೆ ತೋರಿಸಲು ಯತ್ನಿಸಿದೆ.

2

1785ರಲ್ಲಿ ಹಾಲೆಂಡಿನ ಮಾರ್ಟಿನಸ್ ವಾನ್ ಮಾರುಮ್ ಎಂಬ ವಿದ್ವಾಂಸನು ತನ್ನ ದೊಡ್ಡ ವಿದ್ಯುದ್ಯಂತ್ರದ ಬಳಿ ವಿಚಿತ್ರವಾದ ವಾಸನೆಯೊಂದನ್ನು ಗುರುತಿಸಿದನು. ಅದನ್ನು ವಿದ್ಯುತ್ತಿನದೇ ವಾಸನೆಯೆಂದು ಆಗ ಭಾವಿಸಲಾಯಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಪ್ರಾಧ್ಯಾಪಕ ಷೋನ್‌ಬೈನನು 1840ರಲ್ಲಿ ಇದು ಬೇರೊಂದು ದ್ರವ್ಯವೆಂದು ಸಾರಿ, ವಾಸನೆ ಬೀರು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಅದಕ್ಕೆ ಓಝೋನ್ ಎಂದು ಹೆಸರಿಟ್ಟನು. ಹೆಸರೇ ಮೂಗಿನ ಸಾಕ್ಷ್ಯದಿಂದ ಬಂದುದು. ಅದು ಆಮ್ಲಜನಕದ ಮೂರು ಪರಮಾಣುಗಳು ಕೂಡಿದ ರೂಪವೆಂಬುದು 1865ರ ಸುಮಾರಿಗೆ ಸೊರೆ ಎಂಬವನ ಪ್ರಯೋಗಗಳಿಂದ ಸ್ಥಿರಪಟ್ಟಿತು.

ಸಿಡಿಲೆರಗಿದ ಮೇಲೆ ಗಾಳಿಯಲ್ಲಿ ತೋರುವ ಈ ವಾಸನೆಯನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿನವರು ಆರೋಗ್ಯದ ಲಕ್ಷಣವೆಂದೇ ಬಗೆದರು. ಗಾಳಿಯಲ್ಲಿ ಓಝೋನ್ ಕಡಿಮೆಯಾದಾಗ ಕಾಲರಾ ಹಬ್ಬುತ್ತದೆಯೆಂಬ ವಾದವೂ ಹುಟ್ಟಿತು. ಕಡಲತೀರದ ಗಾಳಿ ಓಝೋನಿನಿಂದ ತುಂಬಿದೆಯೆಂದು ಹೇಳಿ ವಿಹಾರಸ್ಥಳಗಳು ಜನರನ್ನು ಆಕರ್ಷಿಸಿದುವು. ಕಡಲಿನ ವಾಸನೆಗೆ ಮುಖ್ಯ ಕಾರಣ ಸೂಕ್ಷ್ಮಸಸ್ಯಗಳಿಂದ ಹೊರಡುವ ಗಂಧಕಯುಕ್ತ ವಸ್ತುಗಳೆಂಬುದು ಈಗ ತಿಳಿದಿದೆ. ಓಝೋನನ್ನು ಉಸಿರಾಡಿದಾಗ ಎದೆ ನೋಯುವುದನ್ನೂ ಉಸಿರು ಕಟ್ಟುವುದನ್ನೂ ಷೋನ್‌ಬೈನನೇ ಅನುಭವಿಸಿ ದಾಖಲಿಸಿದ್ದನು. ಆದರೂ ಒಳ್ಳೆಯ ಗಾಳಿ ಎಂಬ ಕೀರ್ತಿ ಬಹುಕಾಲ ಉಳಿಯಿತು. ಲಾಸ್ ಏಂಜಲೀಸ್ ನಗರದ ಮಬ್ಬುಗಾಳಿಯಲ್ಲಿ ಓಝೋನ್ ಹಾನಿಕರ ಅಂಶವೆಂದು ಹಾಗೆನ್‌ಸ್ಮಿಟ್ ತೋರಿಸಿಕೊಟ್ಟುದು 1950ರ ದಶಕದ ಆರಂಭದಲ್ಲಿ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಝೋನ್ ಪದರಕ್ಕೂ ನಾವು ಉಸಿರಾಡುವ ನೆಲಮಟ್ಟದ ಓಝೋನಿಗೂ ಇರುವ ಭೇದವನ್ನು ವಿದ್ಯಾರ್ಥಿಗಳು ಇಲ್ಲಿ ನೆನಪಿಡಬೇಕು. ದ್ರವ್ಯ ಒಂದೇ; ಇರುವ ಸ್ಥಳ ಬೇರೆ.

3

ಷೋನ್‌ಬೈನನು ಮೂಗಿನ ಬದಲಿಗೆ ಒಂದು ಕಾಗದವನ್ನು ಮುಂದಿಟ್ಟನು. ಪಿಷ್ಟ ಮತ್ತು ಪೊಟಾಸಿಯಂ ಅಯೋಡೈಡ್ ಲೇಪಿಸಿದ ಈ ಕಾಗದ ಓಝೋನ್ ತಾಗಿದಾಗ ನೀಲಿಯಾಗುತ್ತದೆ. ಬಣ್ಣದ ಗಾಢತೆಯನ್ನು ಮೇಲ್ಪಂಕ್ತಿಯೊಂದಕ್ಕೆ ಹೋಲಿಸಿ ಅಂಕವನ್ನು ಬರೆದಿಡುವ ಪದ್ಧತಿ ನಾನಾ ದೇಶಗಳ ವೀಕ್ಷಣಾಲಯಗಳಿಗೆ ಹರಡಿತು. ಆದರೆ ತೇವ ಹೆಚ್ಚಾದರೆ ಬಣ್ಣವೂ ಬದಲಾಗುತ್ತಿತ್ತು. ಓಝೋನಲ್ಲದ ಇತರ ಉತ್ಕರ್ಷಕ ವಸ್ತುಗಳಿಗೂ ಕಾಗದ ಒಲಿಯುತ್ತಿತ್ತು. ಹೀಗಾಗಿ ಆ ಕಾಲದ ರಾಶಿರಾಶಿ ಅಂಕಿಗಳಲ್ಲಿ ಬಹುಪಾಲನ್ನು ಇಂದು ಹಾಗೆಯೇ ಒಪ್ಪುವಂತಿಲ್ಲ. ಪ್ಯಾರಿಸ್ಸಿನ ಮೊಂಸೂರಿ ವೀಕ್ಷಣಾಲಯದಲ್ಲಿ 1876ರಿಂದ 1910ರವರೆಗೆ ಬೇರೊಂದು ರಾಸಾಯನಿಕ ವಿಧಾನದಿಂದ ನಡೆದ ಅಳತೆಗಳು ಇದಕ್ಕೆ ಅಪವಾದ. ಆ ವಿಧಾನವನ್ನು ಪುನಃ ಪರೀಕ್ಷಿಸಿ, ಆ ದಾಖಲೆಗಳು ನಂಬತಕ್ಕುವೆಂದೂ ಅಂದಿನ ನೆಲಮಟ್ಟದ ಓಝೋನ್ ಇಂದಿನದಕ್ಕಿಂತ ಬಹಳ ಕಡಿಮೆಯಿತ್ತೆಂದೂ ಫೋಲ್ಟ್ಸ್ ಮತ್ತು ಕ್ಲೈ ಎಂಬ ವಿಜ್ಞಾನಿಗಳು 1988ರಲ್ಲಿ ತೋರಿಸಿದರು. ಶಾಸನವನ್ನು ಓದುವ ಮುನ್ನ ಅದರ ಲಿಪಿಯನ್ನು ಪರೀಕ್ಷಿಸುವಂತೆ, ಅಂಕಿಯನ್ನು ಓದುವ ಮುನ್ನ ಅದನ್ನು ಕೊಟ್ಟ ಉಪಕರಣವನ್ನು ಪರೀಕ್ಷಿಸಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

4

ಇಷ್ಟರಲ್ಲಿ ಓಝೋನನ್ನು ಬೇಕಾದಾಗ ತಯಾರಿಸುವ ಸಾಧನವೂ ದೊರೆತಿತ್ತು. ಕಿಡಿ ಹಾರದಂತೆ ನಿಶ್ಶಬ್ದವಾಗಿ ವಿದ್ಯುತ್ತನ್ನು ಗಾಳಿಯ ಮೂಲಕ ಹಾಯಿಸುವ ಗಾಜಿನ ಕೊಳವೆಯನ್ನು ವೆರ್ನರ್ ಸೀಮೆನ್ಸ್ 1857ರಲ್ಲಿ ರಚಿಸಿದನು. ಇಂದಿನ ಮನೆಬಳಕೆಯ ಉಪಕರಣಗಳಲ್ಲಿ ಅನೇಕವು ಇದೇ ತತ್ತ್ವದ ಮೇಲೆ ನಡೆಯುತ್ತವೆ. 1893ರಲ್ಲಿ ಹಾಲೆಂಡಿನ ಔಡ್ಸ್‌ಹೋರ್ನ್‌ನಲ್ಲಿ ರೈನ್ ನದಿಯ ನೀರಿಗೆ ಓಝೋನ್ ಹಾಯಿಸಲಾಯಿತು. 1906ರಲ್ಲಿ ಫ್ರಾನ್ಸಿನ ನೀಸ್ ನಗರವು ತನ್ನ ನೀರು ಸರಬರಾಜಿಗೆ ಈ ಕ್ರಮವನ್ನು ಸ್ಥಿರವಾಗಿ ಅಳವಡಿಸಿಕೊಂಡಿತು. ಕ್ಲೋರಿನ್ ತನ್ನ ರುಚಿಯನ್ನು ನೀರಿನಲ್ಲಿ ಉಳಿಸುತ್ತದೆ. ಓಝೋನಾದರೋ ಕ್ರಿಮಿಗಳನ್ನು ಕೊಂದು ಕೆಲವು ನಿಮಿಷಗಳಲ್ಲಿ ಆಮ್ಲಜನಕವಾಗಿ ಮರಳುತ್ತದೆ. ಏನನ್ನೂ ಹಿಂದೆ ಬಿಡುವುದಿಲ್ಲವೆಂಬುದೇ ಅದರ ದೊಡ್ಡ ಗುಣವೆಂದು ಪ್ರಸಿದ್ಧವಾಯಿತು. ಸಿಹಿನೀರಿನ ಅನುಭವದಿಂದ ಹುಟ್ಟಿದ ಈ ಮಾತು ಮುಂದೆ ಉಪ್ಪುನೀರಿಗೂ ಅನ್ವಯವಾಗುವಂತೆ ಬಳಕೆಯಾದುದು ದುರದೃಷ್ಟಕರ.

5

ಕಡಲನ್ನು ಮನೆಯೊಳಕ್ಕೆ ತರುವ ಪ್ರಯತ್ನ ಬೇರೊಂದು ಧಾರೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಪ್ರಕಟವಾದ ಫಿಲಿಪ್ ಹೆನ್ರಿ ಗಾಸ್‌ನ ಗ್ರಂಥ ಅಕ್ವೇರಿಯಂ ಎಂಬ ಹೆಸರನ್ನು ಮನೆಮಾತಾಗಿಸಿತು. ಲವಣಗಳನ್ನು ಬೆರೆಸಿ ಕೃತಕ ಕಡಲ ನೀರನ್ನು ಸಿದ್ಧಪಡಿಸುವ ಕ್ರಮವನ್ನೂ ಆತನು ಪ್ರಯೋಗಿಸಿದನು. ಭಾರತದಲ್ಲಿ ಮದರಾಸಿನ ಮತ್ಸ್ಯಾಗಾರ 1909ರಲ್ಲಿಯೂ, ಮುಂಬಯಿಯ ತಾರಾಪೊರೆವಾಲಾ ಮತ್ಸ್ಯಾಗಾರ 1951ರಲ್ಲಿಯೂ ತೆರೆದುವು. ಎರಡೂ ಕಡಲಿನ ಅಂಚಿನಲ್ಲಿದ್ದವು. ಒಳನಾಡಿನಲ್ಲಿ ತೊಟ್ಟಿ ಇಡುವವನಿಗೆ ಗಾಸ್ ತೋರಿದ ದಾರಿಯೇ ದಾರಿ.

ಸವುಳು ಮಣ್ಣನ್ನು ತೊಳೆದು ಉಪ್ಪು ತೆಗೆಯುವುದು ಹಳೆಯ ಮೈಸೂರಿನ ಒಣಸೀಮೆಗಳಲ್ಲಿ ಉಪ್ಪಾರರ ಕಸುಬಾಗಿತ್ತು. ಆದರೆ ಅಂತಹ ಉಪ್ಪನ್ನಾಗಲಿ ಅಡಿಗೆಯ ಉಪ್ಪನ್ನಾಗಲಿ ಕರಗಿಸಿದ ಮಾತ್ರಕ್ಕೆ ಕಡಲ ನೀರು ಆಗುವುದಿಲ್ಲ. ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದು, ಸೋಡಿಯಂ ಕ್ಲೋರೈಡಿನೊಡನೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಗಂಧಕದ ಲವಣಗಳೂ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡೂ ಸೇರಿರುತ್ತವೆ. ನಮ್ಮ ವಾದದ ಕೀಲು ಈ ಬ್ರೋಮೈಡಿನಲ್ಲಿದೆ.

ಹವಳದ ತೊಟ್ಟಿಯ ನೀರಿಗೆ ಆಹಾರದ ಶೇಷ ಮತ್ತು ಜೀವಿಗಳ ವಿಸರ್ಜನೆಯಿಂದ ಕ್ರಮೇಣ ಹಳದಿ ಛಾಯೆ ಬರುತ್ತದೆ. ಗಾಳಿಯ ಗುಳ್ಳೆಗಳಿಂದ ನೊರೆಯೆಬ್ಬಿಸಿ ಕೊಳೆಯನ್ನು ಮೇಲಕ್ಕೆಳೆಯುವ ಸ್ಕಿಮ್ಮರ್ ಎಂಬ ಕೊಳವೆಯೊಳಗೆ ಓಝೋನನ್ನು ಸೇರಿಸುವ ಪದ್ಧತಿ ಜರ್ಮನಿಯಲ್ಲಿ ಬೆಳೆಯಿತು. 1960ರ ದಶಕದಿಂದ ಈಚೆಗೆ ಎರ್ವಿನ್ ಸಾಂಡರನ ಉಪಕರಣಗಳ ಮೂಲಕ ಹವ್ಯಾಸಿಗಳಿಗೆ ಅದು ಪರಿಚಿತವಾಯಿತು. ಹಳದಿ ಹೋಗಿ ನೀರು ಸ್ಫಟಿಕದಂತಾಗುವುದು ಇದರ ನಿಜವಾದ ಲಾಭ. ರೋಗಾಣುಗಳೆಲ್ಲ ನಾಶವಾಗುವುವೆಂಬ ನಂಬಿಕೆಗೆ ಮನೆಯ ಅಲ್ಪ ಪ್ರಮಾಣದಲ್ಲಿ ಆಧಾರ ಸಾಲದು. ಅದಕ್ಕೆ ಬೇಕಾದ ಸಾಂದ್ರತೆಯೂ ಕಾಲಾವಧಿಯೂ ಬೇರೆ.

6

ಸಿಹಿನೀರಿನಲ್ಲಿ ನಿಮಿಷಗಟ್ಟಲೆ ಉಳಿಯುವ ಓಝೋನ್ ಕಡಲ ನೀರಿನಲ್ಲಿ ಕೆಲವೇ ಸೆಕೆಂಡು ಉಳಿಯುತ್ತದೆ. ಆದರೆ ಅದು ಹಿಂದೇನನ್ನೂ ಬಿಡದೆ ಹೋಗುವುದಿಲ್ಲ. ಬ್ರೋಮೈಡನ್ನು ಉತ್ಕರ್ಷಿಸಿ ಹೈಪೊಬ್ರೋಮಸ್ ಆಮ್ಲವನ್ನೂ ಹೈಪೊಬ್ರೋಮೈಟನ್ನೂ ಉಂಟುಮಾಡುತ್ತದೆ. ಇವು ಕ್ಲೋರಿನ್ನಿನಂತೆಯೇ ಜೀವಿಗಳಿಗೆ ಮಾರಕ. ಮೀನಿನ ಕಿವಿರನ್ನೂ ಹವಳದ ಮೃದು ದೇಹವನ್ನೂ ಸುಡಬಲ್ಲವು. ಉತ್ಕರ್ಷಣ ಮುಂದುವರಿದರೆ ಬ್ರೋಮೇಟ್ ಹುಟ್ಟಿ ನೀರಿನಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಆದುದರಿಂದ ಮನೆಯ ತೊಟ್ಟಿಯಲ್ಲಿ ನಾವು ಹಿಡಿತದಲ್ಲಿಡಬೇಕಾದುದು ಓಝೋನನ್ನು ಮಾತ್ರವಲ್ಲ, ಅದರ ಸಂತತಿಯನ್ನೂ.

ಈಗ ಬಳಕೆಯಲ್ಲಿರುವ ಮೂರನೆಯ ಅಳತೆ, ಅಂದರೆ ವಿದ್ಯುದ್ವಾರ, ನೀರಿನ ಉತ್ಕರ್ಷಣ-ಅಪಕರ್ಷಣ ವಿಭವವನ್ನು ಮಿಲಿವೋಲ್ಟುಗಳಲ್ಲಿ ತೋರಿಸುತ್ತದೆ. ಹವ್ಯಾಸಿಗಳು ಇದನ್ನು ಓ.ಆರ್.ಪಿ. ಎನ್ನುತ್ತಾರೆ. 350ರಿಂದ 375 ಮಿಲಿವೋಲ್ಟ್ ಆದೊಡನೆ ಉಪಕರಣ ತಾನೇ ನಿಲ್ಲುವಂತೆ ನಿಯಂತ್ರಕವನ್ನು ಹೊಂದಿಸಬೇಕು, 400ನ್ನು ದಾಟಗೊಡಬಾರದು ಎಂಬುದು ಅನುಭವಸಿದ್ಧ ನಿಯಮ. ಆದರೆ ಈ ಅಂಕಿಯು ಓಝೋನಿನ ಪ್ರಮಾಣವಲ್ಲ. ನೀರಿನಲ್ಲಿರುವ ಎಲ್ಲ ಉತ್ಕರ್ಷಕಗಳ ಒಟ್ಟು ಒಲವನ್ನಷ್ಟೇ ಅದು ಹೇಳುತ್ತದೆ. ಪಿ.ಎಚ್. ಏರಿದರೆ ಅಂಕಿ ಇಳಿಯುತ್ತದೆ. ವಿದ್ಯುದ್ವಾರಕ್ಕೆ ಪಾಚಿ ಕಟ್ಟಿದರೆ ತಪ್ಪು ಅಂಕಿ ಬರುತ್ತದೆ. ಕಡಿಮೆ ತೋರಿದಾಗ ನಿಯಂತ್ರಕವು ಅದನ್ನೇ ನಂಬಿ ಇನ್ನಷ್ಟು ಓಝೋನನ್ನು ಬಿಡುತ್ತದೆ. ಷೋನ್‌ಬೈನನ ಕಾಗದದ ದೋಷವೇ ಇಲ್ಲಿ ಹೊಸ ವೇಷದಲ್ಲಿ ಮರಳಿದೆಯೆನ್ನಲಡ್ಡಿಯಿಲ್ಲ.

7

ಈ ಚರಿತ್ರೆಯಿಂದ ಹೊರಡುವ ನಿಯಮಗಳು ಸ್ಪಷ್ಟವಾಗಿವೆ. ಒಂದನೆಯದಾಗಿ, ಉಪಕರಣದ ಗಾತ್ರವೇ ಮಿತಿಯಾಗಿರಬೇಕು. 100 ಲೀಟರು ನೀರಿಗೆ ಗಂಟೆಗೆ 5ರಿಂದ 10 ಮಿಲಿಗ್ರಾಂ ಓಝೋನ್ ಸಾಕು. ನಿಯಂತ್ರಕ ಕೆಟ್ಟರೂ ಅದಕ್ಕಿಂತ ಬಹಳ ಹೆಚ್ಚು ಹೊರಡದಂತಹ ಸಣ್ಣ ಯಂತ್ರವನ್ನೇ ಆರಿಸಬೇಕು. ಎರಡನೆಯದಾಗಿ, ಓಝೋನನ್ನು ತೊಟ್ಟಿಗೆ ನೇರವಾಗಿ ಬಿಡದೆ ಸ್ಕಿಮ್ಮರಿನೊಳಗೇ ಬಿಡಬೇಕು. ಅಲ್ಲಿಂದ ಹೊರಬರುವ ನೀರೂ ಗಾಳಿಯೂ ಬೇರೆ ಬೇರೆಯಾಗಿ ಸಕ್ರಿಯ ಇದ್ದಿಲಿನ ಮೂಲಕ ಹಾದುಬರಬೇಕು. ಇದ್ದಿಲು ಹೈಪೊಬ್ರೋಮೈಟನ್ನು ತಡೆಯಬಲ್ಲದು, ಬ್ರೋಮೇಟನ್ನು ಅಷ್ಟಾಗಿ ತಡೆಯಲಾರದು. ಪ್ರಮಾಣವನ್ನು ಕಡಿಮೆ ಇಡಲು ಇದು ಇನ್ನೊಂದು ಕಾರಣ. ಮೂರನೆಯದಾಗಿ, ಯಂತ್ರಕ್ಕೆ ಹೋಗುವ ಗಾಳಿಯನ್ನು ಸಿಲಿಕಾ ಜೆಲ್‌ನಿಂದ ಒಣಗಿಸಬೇಕು. ತೇವವಿದ್ದರೆ ಓಝೋನ್ ಕಡಿಮೆಯಾಗುವುದಲ್ಲದೆ ನೈಟ್ರಿಕ್ ಆಮ್ಲ ಹುಟ್ಟಿ ಯಂತ್ರವನ್ನು ತಿನ್ನುತ್ತದೆ. ಮಾಮೂಲು ರಬ್ಬರ್ ಕೊಳವೆ ಬೇಗ ಬಿರಿಯುವುದರಿಂದ ಸಿಲಿಕೋನ್ ಅಥವಾ ಟೆಫ್ಲಾನ್ ಕೊಳವೆಯನ್ನು ಬಳಸಬೇಕು. ವಿದ್ಯುತ್ತು ಹೋಗಿ ಬರುವ ಊರುಗಳಲ್ಲಿ ಗಾಳಿ ನಿಂತಾಗ ನೀರು ಹಿಮ್ಮರಳಿ ಯಂತ್ರಕ್ಕೆ ನುಗ್ಗಬಹುದಾದ್ದರಿಂದ, ಯಂತ್ರವನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟು ಹಿಮ್ಮುಖ ತಡೆಯ ಕವಾಟವನ್ನೂ ಜೋಡಿಸಬೇಕು.

ನಾಲ್ಕನೆಯದು ಮನೆಯವರಿಗೆ ಸಂಬಂಧಿಸಿದುದು. ಕೆಲಸದ ಸ್ಥಳಗಳಲ್ಲಿ 8 ಗಂಟೆಯ ಸರಾಸರಿಗೆ ಅಂಗೀಕೃತವಾದ ಮಿತಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.1 ಭಾಗ ಓಝೋನ್. ಮೂಗು ಇದಕ್ಕಿಂತ ಕಡಿಮೆ ಪ್ರಮಾಣದಲ್ಲಿಯೇ ವಾಸನೆಯನ್ನು ಹಿಡಿಯುತ್ತದೆ. ಆದರೆ ಬೇಗನೆ ದಣಿದು ಅದನ್ನು ಮರೆತುಬಿಡುತ್ತದೆ. ಆದುದರಿಂದ ವಾಸನೆ ತೋರಿದ ಕ್ಷಣವೇ ವಿದ್ಯುತ್ತನ್ನು ತಪ್ಪಿಸಿ, ಕಿಟಕಿಗಳನ್ನು ತೆರೆದು, ಕೋಣೆಯಿಂದ ಹೊರಬರಬೇಕು. ವಾಸನೆ ನಿಂತಿತೆಂಬುದು ಅಪಾಯ ನಿಂತಿತೆಂಬುದಕ್ಕೆ ಸಾಕ್ಷಿಯಲ್ಲ. ಉಬ್ಬಸವಿರುವವರೂ ಚಿಕ್ಕ ಮಕ್ಕಳೂ ಮಲಗುವ ಕೋಣೆಯಲ್ಲಿ ಇಂತಹ ಯಂತ್ರ ಸಲ್ಲದು.

ಕಾನೂನಿನ ಮಾತೂ ಒಂದಿದೆ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿದುವು. ಭಟ್ಕಳದ ಬಳಿಯ ನೇತ್ರಾಣಿಯಲ್ಲಿಯೇ ಆಗಲಿ, ನಮ್ಮ ಯಾವ ಕಡಲಿನಲ್ಲಿಯೇ ಆಗಲಿ ಅವನ್ನು ಕಿತ್ತು ತರುವುದು ಅಪರಾಧ.

8

ಕೊನೆಯಲ್ಲಿ ಮೊದಲಿನ ಕ್ಯಾನಿಗೆ ಮರಳೋಣ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಬ್ರೋಮೇಟಿಗೆ ವಿಧಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇದೇ ವರ್ಗದ ಪೊಟಾಸಿಯಂ ಬ್ರೋಮೇಟನ್ನು ರೊಟ್ಟಿಯ ಹಿಟ್ಟಿಗೆ ಬೆರೆಸುವುದನ್ನು ಭಾರತದಲ್ಲಿ 2016ರಲ್ಲಿ ನಿಷೇಧಿಸಲಾಯಿತು. ಲವಣಾಂಶ ಹೆಚ್ಚಿದ ಅಂತರ್ಜಲದಲ್ಲಿ ಕ್ಲೋರೈಡಿನ ಜೊತೆಗೆ ಬ್ರೋಮೈಡೂ ಇರಬಹುದು. ಆದಕಾರಣ ಓಝೋನ್ ಹಾಯಿಸುವ ಮುನ್ನ ಲವಣವನ್ನು ತೆಗೆಯಲಾಗಿದೆಯೇ, ಎಷ್ಟು ಓಝೋನ್ ಹಾಯಿಸಲಾಗಿದೆ ಎಂದು ಕೇಳುವುದು ಒಣಸೀಮೆಯ ನಾಗರಿಕನಿಗೆ ನ್ಯಾಯವಾದ ಪ್ರಶ್ನೆಯೇ ಆಗಿದೆ. ಹವಳದ ತೊಟ್ಟಿಯಲ್ಲಿ ಕಲಿತ ಪಾಠ ಹೀಗೆ ನೀರಿನ ಕ್ಯಾನಿಗೂ ಸಲ್ಲುತ್ತದೆ.

ಪಿಷ್ಟ ಮತ್ತು ಅಯೋಡೈಡಿನ ಕಾಗದವನ್ನು ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ತಯಾರಿಸುವುದು ಕಷ್ಟವಲ್ಲ. ರಸಾಯನಶಾಸ್ತ್ರದ ವಿದ್ಯಾರ್ಥಿಗಳೂ ಇತಿಹಾಸದ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತು ಅದು ಯಾವ ಯಾವ ವಸ್ತುವಿಗೆ ನೀಲಿಯಾಗುತ್ತದೆ, ತೇವದಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದರೆ, ಮೇಲೆ ಹೇಳಿದ ವಿಷಯ ಕಣ್ಣಿಗೇ ಸ್ಪಷ್ಟವಾಗುತ್ತದೆ. ಉಪಕರಣವು ಹೇಳಿದ ಮಾತನ್ನು ಬರೆದಿಡುವುದರೊಡನೆ, ಅದು ಹೇಳಲಾರದೆ ಬಿಟ್ಟ ಮಾತನ್ನೂ ಬರೆದಿಡುವ ಅಭ್ಯಾಸ ಎರಡು ಶಾಸ್ತ್ರಗಳಿಗೂ ಸಮಾನವಾಗಿ ಅಗತ್ಯವಾದುದು.